ಅಟ್ಟದ ಟ್ರಂಕಲ್ಲಿ ಚರಕದ ಬಾವುಟ ಸಿಕ್ಕಿದೆ, ಶಿವಪುರದ್ದಾ? ಯಾರ ಮನೇದು?

ಶಿಂಶಾ ದಡದವ:
ಎಲ್ರಿಗೂ ನಮಸ್ಕಾರ. ನಾನು ಮದ್ದೂರು ಕಡೆಯವನು. ದೊಡ್ಡಪ್ಪನ ಮನೆ ಹೆಂಚು ಇಳಿಸಿ ರಿಪೇರಿ ಮಾಡಿಸ್ತಾ ಇದ್ವಿ, ಅಟ್ಟದ ಮೇಲಿದ್ದ ಕಬ್ಬಿಣದ ಟ್ರಂಕು ತೆಗೆದ್ರೆ ಹಳೇ ಪಹಣಿ, ಕಂದಾಯದ ರಸೀದಿ, ಯಾರ್ದೋ ಜಾತಕ, ಎಲ್ಲದರ ಅಡಿಲಿ ಮಡಚಿಟ್ಟ ಒಂದು ಬಾವುಟ. ಮೇಲೆ ಕೇಸರಿ (ಈಗ ಹೆಚ್ಚುಕಮ್ಮಿ ಇಟ್ಟಿಗೆ ಬಣ್ಣ ಆಗೋಗಿದೆ), ನಡುವೆ ಬಿಳಿ, ಕೆಳಗೆ ಹಸಿರು, ಬಿಳಿ ಪಟ್ಟೀಲಿ ಚಕ್ರ ಇಲ್ಲ, ಚರಕ ಇದೆ.

ದೊಡ್ಡಪ್ಪ ಹೇಳೋದು ಇದು 1938ರಲ್ಲಿ ಸರ್ಕಾರದ ಆಜ್ಞೆ ಮುರಿದು ಕಾಂಗ್ರೆಸ್ ಬಾವುಟ ಏರಿಸಿದ ಶಿವಪುರದ ಧ್ವಜ ಸತ್ಯಾಗ್ರಹದಲ್ಲಿ ಹಾರಿಸಿದ್ದ ಬಾವುಟ, ನಮ್ಮ ತಾತನೇ ತಂದಿಟ್ಟಿದ್ದು ಅಂತ. ಆದ್ರೆ ಪಕ್ಕದ ಮನೆಯವರಿಗೆ ಸುದ್ದಿ ಗೊತ್ತಾಗಿದ್ದೇ ತಡ, ಅವರ ಅಜ್ಜಿ ಬಂದು "ಅದು ನಮ್ಮನೇದು ಕನಪ್ಪಾ, ಪೊಲೀಸ್ನೋರು ಮನೆ ಜಪ್ತಿಗೆ ಬತ್ತಾರೆ ಅಂತ ಹೆದ್ರಿ ನಿಮ್ಮ ಅಟ್ಟಕ್ಕೆ ದಾಟಿಸಿದ್ರು" ಅಂತವ್ರೆ. ಈಗ ಎರಡೂ ಮನೆ ನಡುವೆ ಮಾತು ಬಿಗಿಯಾಗಿದೆ. ಇದು ನಿಜವಾಗ್ಲೂ 1938ರದ್ದಾ ಅಂತ ಹೇಳೋದು ಹೇಗೆ? ಗೊತ್ತಿರೋರು ದಯವಿಟ್ಟು ತಿಳಿಸಿ.

ಹಳೇ ಕಾಗದ:
ಮೊದಲು ಕಾಲದ ಲೆಕ್ಕ ಮಾಡೋಣ, ಆಮೇಲೆ ಮನೆ ಲೆಕ್ಕ. ಕಾಂಗ್ರೆಸ್ ಸಭೆಗಳಲ್ಲಿ 1921ರಿಂದ ಬಳಕೆಗೆ ಬಂದ ಬಾವುಟದಲ್ಲಿ ಬಣ್ಣದ ಕ್ರಮನೇ ಬೇರೆ ಇತ್ತು: ಮೇಲೆ ಬಿಳಿ, ಮಧ್ಯೆ ಹಸಿರು, ಕೆಳಗೆ ಕೆಂಪು, ಅದರ ಮೇಲೆ ದೊಡ್ಡ ಚರಕ. ಪಿಂಗಳಿ ವೆಂಕಯ್ಯನವರು ವಿಜಯವಾಡದಲ್ಲಿ ಗಾಂಧಿಗೆ ತೋರಿಸಿದ್ದರಲ್ಲಿ ಬಿಳಿ ಇರಲಿಲ್ಲ, ಅದು ಆಮೇಲೆ ಸೇರಿದ್ದು. ಕೇಸರಿ ಬಿಳಿ ಹಸಿರು ಕ್ರಮ, ಬಿಳಿ ನಡುವೆ ನೀಲಿ ಚರಕ, ಇದು 1931ರಲ್ಲಿ ಕಾಂಗ್ರೆಸ್ ಠರಾವು ಮಾಡಿದ ಮೇಲಿನದು. ಬಣ್ಣಕ್ಕೂ ಧರ್ಮಕ್ಕೂ ಸಂಬಂಧ ಇಲ್ಲ ಅಂತ ಆಗಲೇ ಸ್ಪಷ್ಟ ಮಾಡಿದ್ರು, ಯಾಕಂದ್ರೆ ಯಾವ ಬಣ್ಣ ಯಾರದ್ದು ಅಂತ ಅದಕ್ಕೂ ಮುಂಚೆ ಸಾಕಷ್ಟು ಜಗಳ ಆಗಿತ್ತು. 22 ಜುಲೈ 1947ಕ್ಕೆ ಸಂವಿಧಾನ ಸಭೆ ಚರಕ ತೆಗೆದು ಅಶೋಕ ಚಕ್ರ ಇಟ್ಟಿತು.

ಹಾಗಾಗಿ ನಿಮ್ಮದು 1931ರಿಂದ 1947ರೊಳಗಿನ ಮಾದರಿ. ಶಿವಪುರ ಅದರೊಳಗೇ ಬರುತ್ತೆ, ಸರಿ. ಆದ್ರೆ 1942ರ ಚಳವಳಿನೂ ಬರುತ್ತೆ, 1947ರ ಮೈಸೂರು ಚಲೋ ಚಳವಳಿನೂ ಹತ್ತಿರಕ್ಕೆ ಬರುತ್ತೆ. 1947ರ ಆಗಸ್ಟ್ 15ಕ್ಕೆ ಹಳ್ಳೀಲಿ ಹೊಸ ಬಾವುಟ ಎಲ್ಲಿ ಸಿಗಬೇಕು, ಚರಕದ್ದೇ ಹಾರಿಸಿರೋ ಊರುಗಳೂ ಇದ್ದಿರಬಹುದು. ಬಾವುಟ ನೋಡಿದ ಕೂಡಲೇ ಶಿವಪುರ ಅನ್ನಬೇಡಿ. ಅಳತೆ ಎಷ್ಟು, ಹೊಲಿಗೆ ಕೈದಾ ಮಿಷಿನ್ನಿಂದಾ, ಚರಕ ಬರೆದದ್ದಾ ಅಥವಾ ಬಟ್ಟೆ ಕತ್ತರಿಸಿ ಹೊಲಿದದ್ದಾ, ಎರಡೂ ಕಡೆ ಇದೆಯಾ, ಇಷ್ಟು ಹೇಳಿ.

ಮಾತುಗಾರ ಮೈಸೂರು:
ಶಿವಪುರ ಶಿವಪುರ ಅಂತ ಎಲ್ಲರೂ ಹೇಳ್ತಾರೆ, ಅಲ್ಲಿ ಏನಾಯ್ತು ಅಂತ ಕೇಳಿದ್ರೆ ಅರ್ಧ ಜನಕ್ಕೆ ಗೊತ್ತಿರಲ್ಲ. ನಾಲ್ವಡಿಯವರ ಆಳ್ವಿಕೆ, ಮಿರ್ಜಾ ಸಾಹೇಬರ ದಿವಾನಗಿರಿ, ರಾಜ್ಯ ಚೆನ್ನಾಗೇ ನಡೀತಿತ್ತು. ಸಂಸ್ಥಾನಕ್ಕೆ ಗಂಡಭೇರುಂಡದ ಬಾವುಟ ಇತ್ತು, ಅದಕ್ಕೆ ಜನ ಕೈ ಮುಗೀತಿದ್ರು. ಇನ್ನೊಂದು ಬಾವುಟ ಹಾರಿಸ್ಬೇಡಿ ಅಂದ್ರೆ ಅದೇನು ಮಹಾಪರಾಧನಾ?

ಶಿಂಶಾ ದಡದವ:
@ಮಾತುಗಾರ ಮೈಸೂರು ಸಾರ್, ಕನ್ನಂಬಾಡಿ ನೀರು ಕುಡಿಯೋ ಮಂಡ್ಯದೋರು ನಾವು, ನಾಲ್ವಡಿಯವರ ಫೋಟೋ ನಮ್ಮನೇಲೂ ಇದೆ, ದೇವರ ಮನೆ ಪಕ್ಕದಲ್ಲೇ. ನನ್ನ ಪ್ರಶ್ನೆ ಬಾವುಟದ್ದು.

@ಹಳೇ ಕಾಗದ ಅಳತೆ ಉದ್ದ ಸುಮಾರು ಎರಡೂವರೆ ಮೊಳ, ಅಗಲ ಒಂದೂವರೆ ಮೊಳದ ಮೇಲೆ ಸ್ವಲ್ಪ. ಮೂರು ಪಟ್ಟೀನೂ ಬೇರೆ ಬೇರೆ ಬಟ್ಟೆ, ಜೋಡಿಸಿರೋದು ಕೈಹೊಲಿಗೆ, ಆದ್ರೆ ಕೋಲು ತೂರಿಸೋ ಕಡೆ ಮಡಿಕೆ ಮಾತ್ರ ಮಿಷಿನ್ ಹೊಲಿಗೆ. ಚರಕ ಬ್ರಷ್ಷಲ್ಲಿ ಬರೆದ ಹಾಗಿದೆ, ಒಂದೇ ಕಡೆ, ಹಿಂದೆ ಬಣ್ಣ ಸೋರಿ ಮಬ್ಬಾಗಿ ಕಾಣುತ್ತೆ. ಚಕ್ರದ ಗೆರೆ ನೆಟ್ಟಗಿಲ್ಲ, ಯಾರೋ ಚರಕ ನೋಡ್ದೇ ಬರೆದವರೆ ಅನ್ಸುತ್ತೆ, ಕದಿರು ಇರೋ ಜಾಗದಲ್ಲಿ ಒಂದು ಕಡ್ಡಿ ಅಷ್ಟೆ. ಬಿಳಿ ಪಟ್ಟಿ ಒಂದು ಅಂಚಲ್ಲಿ ಸಣ್ಣ ಕಿನಾರೆ ಇದೆ, ಪಂಚೆ ಹರಿದು ಮಾಡಿರೋದು.

ಗೌರಿಬಿದನೂರ್ ಸೀಮೆ:
ಮೈಸೂರು ಸಾರ್‌ಗೆ ಒಂದು ಮಾತು. ಬಾವುಟ ಹಾರಿಸ್ಬೇಡಿ ಅಂದಿದ್ದು ಅಪರಾಧನಾ ಅಂತ ಕೇಳಿದ್ರಲ್ಲ, ಶಿವಪುರ ಆಗಿ ಎರಡೇ ವಾರಕ್ಕೆ, 1938 ಏಪ್ರಿಲ್ 25ಕ್ಕೆ ನಮ್ಮ ವಿದುರಾಶ್ವತ್ಥದಲ್ಲಿ ಅದೇ ಬಾವುಟಕ್ಕೆ ಗುಂಡು ಹಾರಿತು. ನಿಷೇಧಾಜ್ಞೆ ಇದ್ರೂ ಜನ ಸೇರಿದ್ರು, ಹೆಂಗಸರು ಮಕ್ಕಳೂ ಇದ್ರು. ಸತ್ತವರ ಸಂಖ್ಯೆ ಸರ್ಕಾರಿ ಲೆಕ್ಕದಲ್ಲಿ ಹತ್ತರ ಆಸುಪಾಸು, ನಮ್ಮ ಕಡೆ ಹೇಳೋದು ಮೂವತ್ತರ ಮೇಲೆ. ಆಗ ಕೋಲಾರ ಜಿಲ್ಲೆ, ಈಗ ಚಿಕ್ಕಬಳ್ಳಾಪುರ. ಎನ್.ಸಿ. ನಾಗಯ್ಯರೆಡ್ಡಿಯವರಂಥ ಮುಖಂಡರ ಹೆಸರು ಪುಸ್ತಕದಲ್ಲಿದೆ. ಗುಂಡು ತಿಂದು ಬದುಕಿದವರು, ಗಾಯ ಮುಚ್ಚಿಕೊಂಡು ಹೊಲಕ್ಕೆ ಹೋದವರು, ಆಸ್ಪತ್ರೆಗೆ ಹೋದ್ರೆ ಹೆಸರು ಬರ್ಕೊಂಡು ಹಿಡೀತಾರೆ ಅಂತ ಮನೇಲೇ ನರಳಿದವರು ಯಾವ ಕಲ್ಲಲ್ಲೂ ಇಲ್ಲ. ಸರ್ಕಾರಿ ಲೆಕ್ಕಕ್ಕೂ ಊರ ಲೆಕ್ಕಕ್ಕೂ ಯಾಕೆ ಇಷ್ಟು ವ್ಯತ್ಯಾಸ ಅಂತ ಕೇಳೋರು ಇದನ್ನ ಯೋಚನೆ ಮಾಡ್ಬೇಕು.

ಹಳೇ ಕಾಗದ:
ಇದಕ್ಕೆ ಹಿನ್ನೆಲೆ ಸ್ವಲ್ಪ ಸೇರಿಸ್ತೀನಿ, ಯಾಕಂದ್ರೆ ಮೈಸೂರು ಸಂಸ್ಥಾನದಲ್ಲೇ ಬಾವುಟ ಯಾಕೆ ಇಷ್ಟು ದೊಡ್ಡ ವಿಷಯ ಆಯ್ತು ಅಂತ ತುಂಬಾ ಜನಕ್ಕೆ ಗೊಂದಲ ಇದೆ. 1937ರ ಕೊನೆಗೆ ಪ್ರಜಾಸಂಯುಕ್ತ ಪಕ್ಷ ಕಾಂಗ್ರೆಸ್ಸಿನೊಳಗೆ ಸೇರಿಕೊಳ್ತು. ಅದುವರೆಗೂ ಪೇಟೆ ವಕೀಲರ ಪಕ್ಷ ಅನಿಸಿಕೊಂಡಿದ್ದ ಕಾಂಗ್ರೆಸ್ಸಿಗೆ ಹಳ್ಳಿ ಗೌಡರ ಬಲ ಬಂತು. ಮಂಡ್ಯ ಮದ್ದೂರು ಕಡೆ ಅದು ಎದ್ದು ಕಾಣ್ತಿತ್ತು. ಇನ್ನೊಂದು ಕಡೆ 1938ರ ಹರಿಪುರ ಅಧಿವೇಶನದಲ್ಲಿ ಸಂಸ್ಥಾನಗಳ ಹೋರಾಟ ಅಲ್ಲಿನ ಜನರೇ ನಡೆಸ್ಕೊಳ್ಳಲಿ, ಕಾಂಗ್ರೆಸ್ ಹೆಸರಲ್ಲಿ ಬೇಡ ಅಂತ ತೀರ್ಮಾನ ಆಯ್ತು. ಅಂದ್ರೆ ಮೇಲಿನವರ ಆಸರೆ ಇಲ್ಲ, ಸಂಸ್ಥಾನದ ಸರ್ಕಾರ ಬಾವುಟ ಹಾರಿಸಕ್ಕೆ ಬಿಡಲ್ಲ. ಇಂಥ ಹೊತ್ತಲ್ಲಿ ಏಪ್ರಿಲಲ್ಲಿ ಶಿವಪುರದಲ್ಲಿ ಮೈಸೂರು ಕಾಂಗ್ರೆಸ್ಸಿನ ಅಧಿವೇಶನ, ಅಧ್ಯಕ್ಷರು ಟಿ. ಸಿದ್ಧಲಿಂಗಯ್ಯನವರು. ಆಜ್ಞೆ ಮುರಿದು ಬಾವುಟ ಏರಿಸಿದ್ರು, ಮುಖಂಡರನ್ನ ಹಿಡಿದ್ರು.

ವಿದುರಾಶ್ವತ್ಥದ ಗುಂಡಿನ ಮೇಲೆ ಗದ್ದಲ ಆಗಿ, ಕಾಂಗ್ರೆಸ್ಸಿನ ಸರ್ದಾರ್ ಪಟೇಲರು ಮತ್ತು ಕೃಪಲಾನಿ ಬಂದು ಮಿರ್ಜಾರ ಜೊತೆ ಮಾತಾಡಿ ಮೇ ತಿಂಗಳಲ್ಲಿ ಒಂದು ಒಪ್ಪಂದ ಆಯ್ತು, ಮಿರ್ಜಾ ಪಟೇಲ್ ಒಪ್ಪಂದ ಅಂತ. ಅದರಲ್ಲಿ ಬಾವುಟದ ಅಂಶ ಗಮನಿಸಿ: ಕಾಂಗ್ರೆಸ್ ಬಾವುಟ ಹಾರಿಸಬಹುದು, ವಿಶೇಷ ಸಮಾರಂಭಗಳಲ್ಲಿ ಮಾತ್ರ ಸಂಸ್ಥಾನದ ಬಾವುಟನೂ ಜೊತೆಗಿರಬೇಕು. ಗಂಡಭೇರುಂಡ ಒಂದು ಕಂಬದಲ್ಲಿ, ಚರಕ ಇನ್ನೊಂದರಲ್ಲಿ. ಹಾಗಾಗಿ ಮೈಸೂರು ಸಾರ್, ಕೊನೆಗೆ ಎರಡೂ ಹಾರಿದವು.

ಮಾತುಗಾರ ಮೈಸೂರು:
ಆಯ್ತು ಸ್ವಾಮಿ, ನಾನೇನು ಗುಂಡು ಹಾರಿಸಿದ್ದು ಸರಿ ಅಂದಿಲ್ಲ. ಗಂಡಭೇರುಂಡಕ್ಕೆ ಕೈ ಮುಗಿದವರೆಲ್ಲ ದೇಶದ್ರೋಹಿಗಳು ಅನ್ನೋ ತರ ಬರೀಬೇಡಿ ಅಂದೆ ಅಷ್ಟೆ. ನಮ್ಮ ಕಡೆ ಒಂದೇ ಮನೇಲಿ ಅಣ್ಣ ಅರಮನೆ ಚಾಕರಿ, ತಮ್ಮ ಕಾಂಗ್ರೆಸ್ಸು, ಅಂಥ ಮನೆಗಳು ಬೇಕಾದಷ್ಟಿದ್ವು. ಹಬ್ಬದ ದಿನ ಇಬ್ಬರೂ ಒಂದೇ ಪಂಕ್ತೀಲಿ ಕೂತು ಊಟ ಮಾಡೋರು, ಬಾವುಟದ ಮಾತು ಮಾತ್ರ ಎತ್ತೋ ಹಾಗಿರಲಿಲ್ಲ.

ಧಾರವಾಡದಾಕಿ:
ನೀವೆಲ್ಲ ಹಳೇ ಮೈಸೂರಿಗೇ ನಿಂತ್ರಿ, ನಮ್ಮ ಕಡೆ ಸ್ವಲ್ಪ ಬರ್ರಿ. ಬಾವುಟಕ್ಕ ಶಿಸ್ತು ಅಂತ ಕಲಿಸಿದ್ದು ಹುಬ್ಬಳ್ಳಿ. ನಾ.ಸು. ಹರ್ಡೀಕರ ಡಾಕ್ಟರು 1923ರ ನಾಗಪುರದ ಝೆಂಡಾ ಸತ್ಯಾಗ್ರಹಕ್ಕ ಹುಬ್ಬಳ್ಳಿ ಹುಡುಗರನ್ನ ಕರಕೊಂಡು ಹೋಗಿ ಜೈಲು ಕಂಡು ಬಂದವರು. ಜೈಲಿನ್ಯಾಗ ಬ್ಯಾರೆ ಪ್ರಾಂತದವರು ತಪ್ಪೊಪ್ಪಿಗಿ ಬರಕೊಟ್ಟು ಹೊರಗ ಬಂದ್ರೂ ಹುಬ್ಬಳ್ಳಿ ಮಂದಿ ಬಗ್ಗಲಿಲ್ಲ ಅಂತ ಹಿರ್ಯಾರು ಹೇಳೋದು. ಅದ ವರ್ಷ ಕಾಕಿನಾಡಾದಾಗ ಹಿಂದೂಸ್ತಾನಿ ಸೇವಾದಳ ಅನ್ನೋ ಕಾಂಗ್ರೆಸ್ಸಿನ ಸ್ವಯಂಸೇವಕರ ಪಡೆ ಹುಟ್ಟಿತು. ಪ್ರತಿ ತಿಂಗಳ ಕಡೀ ರವಿವಾರ ಮುಂಜಾನೆ ಎಂಟಕ್ಕ ಧ್ವಜವಂದನಾ ಅನ್ನೋ ಪದ್ಧತಿನೂ ಸೇವಾದಳದ್ದ.

ಇನ್ನ ಬಟ್ಟಿ ವಿಷಯ. ಇವತ್ತಿನ ಬಾವುಟದ ಬಟ್ಟಿ ಅಂದ್ರ ಧಾರವಾಡ ತಾಲೂಕಿನ ಗರಗ. ಮಡಿವಾಳೇಶ್ವರ ಮಠದ ಊರು, ಆದ್ರ ಖಾದಿಯಿಂದ ಹೆಸರು ಆಗೇದ. ಹುಬ್ಬಳ್ಳಿ ಬೆಂಗೇರಿಯ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘ ಶುರುವಾಗಿದ್ದು 1957ರ ನವೆಂಬರ್ 1ಕ್ಕ. ಬಾಗಲಕೋಟಿ ಕಡೆ ನೂಲು ಆಗಿ, ನೇಯ್ಗಿ ಆಗಿ, ಬೆಂಗೇರಿಯೊಳಗ ಬಣ್ಣ, ಚಕ್ರದ ಛಾಪಾ, ಹೊಲಿಗಿ, ಕಡೀಕ ಹಗ್ಗ ಕಟ್ಟೋದು. ಒಂಬತ್ತು ಅಳತಿ, ದೊಡ್ಡದು 21 ಅಡಿಗೆ 14 ಅಡಿ, ಸಣ್ಣದು ಮೇಜಿನ ಮ್ಯಾಲ ಇಡೋದು. ಎಲ್ಲಾನೂ 3ಕ್ಕ 2ರ ಲೆಕ್ಕ. ಚಕ್ರ ಎರಡೂ ಕಡೆ ಒಂದರ ಮ್ಯಾಲ ಒಂದು ಕೂಡಬೇಕು, ಕೂದಲೆಳಿ ಸರಿದ್ರೂ ಅದು ಬಾವುಟ ಅಲ್ಲ, ಕೌದಿ ಹೊಲಿಯೋ ಚಿಂದಿ.

ಕೆಲಸ ಮಾಡೋರೆಲ್ಲ ಬಹುತೇಕ ಹೆಣ್ಮಕ್ಕಳು. ಅತ್ತಿ ನೂತಾಳ, ಸೊಸಿ ಹೊಲೀತಾಳ, ಹಂಗ ಮನೆತನಾನ ಬಾವುಟಕ್ಕ ದುಡಿದದ್ದು. ಆದ್ರ ಕೆಂಪು ಕೋಟಿ ಮ್ಯಾಲ ಹಾರೋ ಬಾವುಟ ಯಾರು ಹೊಲಿದ್ರು ಅಂತ ಯಾರಾದ್ರೂ ಕೇಳ್ಯಾರೇನು? 2021ರ ಡಿಸೆಂಬರ್‌ನ್ಯಾಗ ಧ್ವಜಸಂಹಿತೆ ತಿದ್ದಿ ಪಾಲಿಸ್ಟರ್ ಮತ್ತ ಮಷೀನ್ ಬಟ್ಟಿಗೂ ಪರವಾನಗಿ ಕೊಟ್ರು, 2022ರ ಆಗಸ್ಟ್‌ಗೆ ಮನೆ ಮನೆಗೆ ಬಾವುಟ ಬಂತು, ಖರೆ, ಆದ್ರ ಬೆಂಗೇರಿ ಹೆಣ್ಮಕ್ಕಳ ಕೈಗೆ ಬರೋ ಆರ್ಡರ್‌ಗೆ ಹೊಡೆತ ಬಿತ್ತು. ಇದರ ಬಗ್ಗೆ ಪ್ರತಿಭಟನಾನೂ ಆತು.

ಪಾಪ ಪಾಂಡು:
ಪಾಲಿಸ್ಟರ್ ಅಗ್ಗ, ಎಲ್ಲರ ಮನೇಲೂ ಹಾರಲಿ ಬಿಡ್ರಿ ಅದರಲ್ಲೇನು. ಅಂದಹಾಗೆ ಮೂಲ ಪ್ರಶ್ನೆಗೆ: ಹರಿದ ಬಾವುಟ ಇಟ್ಕೋಬಾರ್ದು, ಗೌರವದಿಂದ ಸುಡಬೇಕು ಅಂತ ಕಾನೂನಿದೆ. ಸುಮ್ನೆ ತೊಂದ್ರೆ ಯಾಕೆ.

ಬಟ್ಟೆ ಬರೆ:
ದಯವಿಟ್ಟು ಸುಡಬೇಡಿ!! ಧ್ವಜಸಂಹಿತೆ ಹೇಳೋದು ಹಾರಿಸಿ ಹಾಳಾದ ಈಗಿನ ರಾಷ್ಟ್ರಧ್ವಜದ ವಿಲೇವಾರಿ ಬಗ್ಗೆ. ಚರಕದ ಬಾವುಟ ಇವತ್ತು ಒಂದು ಚಾರಿತ್ರಿಕ ವಸ್ತು, ಮ್ಯೂಸಿಯಂಗಳಲ್ಲೇ ಇಟ್ಟಿದ್ದಾರೆ. ನಾನು ಹಳೇ ಬಟ್ಟೆಗಳ ಸಂರಕ್ಷಣೆ ಕೆಲಸದಲ್ಲಿರೋಳು, ಆ ಕಡೆಯಿಂದ ಹೇಳ್ತೀನಿ ಕೇಳಿ.

ಒಗೀಬೇಡಿ. ಎಷ್ಟೇ ಕೊಳೆ ಕಂಡ್ರೂ ನೀರು ತಾಕಿಸ್ಬೇಡಿ, ಆ ಕಾಲದ ಬಣ್ಣ ಬಿಡುತ್ತೆ, ಹಸಿರು ಬಿಳಿಗೆ ಹತ್ತಿದ್ರೆ ವಾಪಸ್ ಬರಲ್ಲ. ಇಸ್ತ್ರಿ ಬೇಡ. ಲ್ಯಾಮಿನೇಷನ್ ಅಂತೂ ಕೇಳಲೇಬೇಡಿ, ಎಷ್ಟೋ ಮನೆಗಳಲ್ಲಿ ಸ್ವಾತಂತ್ರ್ಯ ಹೋರಾಟಗಾರರಿಗೆ ಸರ್ಕಾರ ಕೊಟ್ಟ ತಾಮ್ರಪತ್ರದ ಜೊತೆ ಬಂದ ಕಾಗದ, ಹಳೇ ಪತ್ರ ಎಲ್ಲ ಲ್ಯಾಮಿನೇಟ್ ಮಾಡಿಸಿ ಹಾಳು ಮಾಡಿದ್ದಾರೆ. ಕಬ್ಬಿಣದ ಟ್ರಂಕಿಗೆ ವಾಪಸ್ ಹಾಕಬೇಡಿ, ತುಕ್ಕು ಬಟ್ಟೆನ ತಿನ್ನುತ್ತೆ. ಗುಂಡುಪಿನ್ನು ಇದ್ರೆ ಮೆಲ್ಲಗೆ ತೆಗೀರಿ. ನುಸಿಗುಳಿಗೆ, ಬೇವಿನ ಸೊಪ್ಪು ಬಟ್ಟೆಗೆ ನೇರವಾಗಿ ತಾಗಬಾರ್ದು. ಗಂಜಿ ಹೋಗೋ ತನಕ ಚೆನ್ನಾಗಿ ಒಗೆದು ಒಣಗಿಸಿದ ಬಿಳೀ ಮಲ್ಲಿನ ಬಟ್ಟೆ ತಗೊಂಡು, ದಪ್ಪ ಕೊಳವೆಗೆ ಸುತ್ತಿ, ಅದರ ಮೇಲೆ ಬಾವುಟನ ಮಡಿಕೆ ಇಲ್ಲದ ಹಾಗೆ ಸುತ್ತಿ ಇಡಿ. ಮಡಿಕೆ ಇದ್ದ ಜಾಗದಲ್ಲೇ ನೂಲು ಮುರಿಯೋದು. ಬಿಸಿಲು, ಟ್ಯೂಬ್‌ಲೈಟ್ ಎರಡೂ ಆಗಲ್ಲ.

ಮತ್ತೆ ಒಂದು ಕೆಲಸ. ಫೋನ್ ಕ್ಯಾಮೆರಾ ಹತ್ತಿರ ಹಿಡಿದು ನೂಲು ನೋಡಿ. ಒಂದೇ ಎಳೆ ಒಂದ್ಕಡೆ ದಪ್ಪ ಒಂದ್ಕಡೆ ಸಣ್ಣ ಇದ್ರೆ ಕೈನೂಲು, ಎಲ್ಲಾ ಕಡೆ ಒಂದೇ ಸಮ ಇದ್ರೆ ಮಿಲ್ ನೂಲು. ಬಿಳಿ ಪಟ್ಟಿ ಪಂಚೆ ಅಂದ್ರಲ್ಲ, ಮೂಲೆಗಳನ್ನ ಚೆನ್ನಾಗಿ ಹುಡುಕಿ. ಅಗಸರ ಗುರುತು ಇರಬಹುದು. ಕರಿಗೇರು ಕಾಯಿ ರಸದಲ್ಲಿ ಹಾಕ್ತಿದ್ದ ಗುರುತು, ಎಷ್ಟು ಒಗೆದ್ರೂ ಹೋಗ್ತಿರಲಿಲ್ಲ. ಒಂದೊಂದು ಮನೆಗೆ ಒಂದೊಂದು ಗುರುತು.

ಮಲೆನಾಡ ಮಾರಾಯ:
ಅಗಸರ ಗುರುತಿನ ಮಾತು ಕೇಳಿ ಖುಷಿ ಆಯ್ತು ಮಾರಾಯ್ರೆ, ಇದು ನನಗೆ ಹೊಳೆದೇ ಇರಲಿಲ್ಲ. ನಮ್ಮ ಶಿಕಾರಿಪುರ ತಾಲೂಕಿನ ಈಸೂರಿನದ್ದೂ ಇಲ್ಲಿ ಹೇಳಬೇಕು. 1942ರ ಸೆಪ್ಟೆಂಬರಲ್ಲಿ ವೀರಭದ್ರ ದೇವಸ್ಥಾನದ ಮೇಲೆ ಬಾವುಟ ಏರಿಸಿ, ನಾವು ಸ್ವತಂತ್ರರು ಅಂತ ಸಾರಿ, ಸಣ್ಣ ಹುಡುಗರನ್ನೇ ಅಮಲ್ದಾರ, ಸಬ್‌ಇನ್ಸ್‌ಪೆಕ್ಟರ್ ಅಂತ ಮಾಡಿ ಸ್ವಂತ ಸರ್ಕಾರ ಮಾಡ್ಕೊಂಡ ಊರು. ಹುಡುಗರು ಯಾಕೆ ಅಂದ್ರೆ, ಹಿಡಿದರೂ ಜಾಸ್ತಿ ಶಿಕ್ಷೆ ಆಗಲ್ಲ ಅಂತ ಲೆಕ್ಕ ಹಾಕಿದ್ರಂತೆ. ನಿಜವಾದ ಅಮಲ್ದಾರ ಮತ್ತೆ ಸಬ್‌ಇನ್ಸ್‌ಪೆಕ್ಟರು ಊರಿಗೆ ಬಂದಾಗ ಗಲಾಟೆಯಾಗಿ ಇಬ್ಬರೂ ಸತ್ತರು. ಆಮೇಲೆ ಸೈನ್ಯ ಪೊಲೀಸು ನುಗ್ಗಿ ಊರು ಸೂರೆ ಮಾಡಿದ್ದು, ಜನ ಕಾಡಿಗೆ ಓಡಿದ್ದು. 1943ರ ಮಾರ್ಚಲ್ಲಿ ಬೆಂಗಳೂರು ಜೈಲಲ್ಲಿ ಐದು ಜನರಿಗೆ ಗಲ್ಲು: ಗುರಪ್ಪ, ಮಲ್ಲಪ್ಪ, ಸೂರ್ಯನಾರಾಯಣಾಚಾರ್, ಹಾಲಪ್ಪ, ಗೌಡ್ರ ಶಂಕರಪ್ಪ. "ಏಸೂರು ಕೊಟ್ಟರೂ ಈಸೂರು ಕೊಡೆವು" ಅನ್ನೋ ಮಾತು ಎಲ್ಲರಿಗೂ ಗೊತ್ತು.

ನನಗೆ ಕಾಡೋದು ಏನಂದ್ರೆ, ಗಲ್ಲಿಗೆ ಹೋದವರ ಹೆಸರು ಉಳೀತು, ಸರಿ. ಊರು ಸೂರೆ ಆದಾಗ ಬತ್ತದ ಕಣಜ ಕಳ್ಕೊಂಡು, ದನ ಕಳ್ಕೊಂಡು, ಗಂಡಸರು ಜೈಲಲ್ಲಿದ್ದಾಗ ಗದ್ದೆ ನಾಟಿ ಮಾಡಿಸಿದ ಹೆಂಗಸರ ಕತೆ ಎಲ್ಲಿ ಬರೆದಿದ್ದಾರೆ? ಹೆಂಗಸರೂ ಜೈಲಿಗೆ ಹೋದ್ರು, ಅದು ಇತ್ತೀಚೆಗೆ ಸ್ವಲ್ಪ ಹೇಳ್ತಾರೆ. ಮನೇಲಿ ಉಳಿದವರದ್ದು ಯಾರೂ ಹೇಳಲ್ಲ.

ಹಳೇ ಕಾಗದ:
ಮಾರಾಯರ ಪ್ರಶ್ನೆಗೆ ನನ್ನ ಹತ್ರ ಒಂದು ಒಣ ಉತ್ತರ ಇದೆ. ಸ್ವಾತಂತ್ರ್ಯ ಹೋರಾಟಗಾರರ ಪಟ್ಟಿ ಅಂತ ಇವತ್ತು ನಾವು ನೋಡೋದ್ರಲ್ಲಿ ಬಹುಪಾಲು ಪೆನ್ಷನ್ ಕಡತದಿಂದ ಬಂದದ್ದು. ಕೇಂದ್ರದ ಪೆನ್ಷನ್ 1972ರಲ್ಲಿ ಶುರು, 1980ರಲ್ಲಿ ವಿಸ್ತರಿಸಿದ್ರು. ಅದಕ್ಕೆ ಕನಿಷ್ಠ ಆರು ತಿಂಗಳು ಜೈಲು ಕಂಡ ದಾಖಲೆ ಬೇಕು, ಹೆಂಗಸರಿಗೆ ಮತ್ತೆ ಪರಿಶಿಷ್ಟರಿಗೆ ಮೂರು ತಿಂಗಳು. ಈಗ ಶಿವಪುರ ನೆನೆಸ್ಕೊಳ್ಳಿ. ಅಧಿವೇಶನ ಆಗಿದ್ದು ಏಪ್ರಿಲ್, ಒಪ್ಪಂದ ಆಗಿದ್ದು ಮೇ. ಅಲ್ಲಿ ಹಿಡಿದವರೆಲ್ಲ ಆರು ತಿಂಗಳು ಒಳಗಿರೋಕೆ ಹೇಗೆ ಸಾಧ್ಯ? ಅನ್ನ ಬೇಯಿಸಿ ಹಾಕಿದವರಿಗೆ, ಗಾಡಿ ಕಟ್ಟಿ ಜನ ತಂದವರಿಗೆ, ಕೋಲು ಕಡಿದುಕೊಟ್ಟವರಿಗೆ ದಾಖಲೆ ಎಲ್ಲಿಂದ ಬರಬೇಕು? ಹಾಗಾಗಿ ಕಡತದಲ್ಲಿ ಹೆಸರಿಲ್ಲ ಅಂದ್ರೆ ಆ ಮನೆಯವರು ಇರಲಿಲ್ಲ ಅಂತಲ್ಲ. ಅದೇ ತರ ಮನೇಲಿ ಹೇಳೋ ಕತೆ ಎಲ್ಲಾ ನಿಜ ಅಂತಲೂ ಅಲ್ಲ. ಮದ್ದೂರು ಸೀಮೆಲಿ ಹಳೇ ಮನೆತನ ಅನ್ನೋ ಪ್ರತಿ ಮನೆಯವರೂ ಶಿವಪುರದಲ್ಲಿ ತಮ್ಮ ತಾತನೇ ಮುಂದೆ ನಿಂತಿದ್ದ ಅಂತಾರೆ, ಅಷ್ಟು ಜನ ಮುಂದೆ ನಿಂತಿದ್ರೆ ಹಿಂದೆ ಯಾರಿದ್ರು ಅಂತ ನನಗೆ ಅನುಮಾನ 😄

ಬೆಂಗಳೂರಲ್ಲಿ ರಾಜ್ಯ ಪತ್ರಾಗಾರ ಇದೆ, ಮೈಸೂರಲ್ಲೂ ವಿಭಾಗ ಇದೆ. ಪೊಲೀಸ್ ವರದಿ, ಜೈಲು ರಿಜಿಸ್ಟರ್ ಕೇಳಿ ನೋಡಿ. ಆ ಕಾಲದ ತಾಯಿನಾಡು, ವಿಶ್ವಕರ್ನಾಟಕ ಪತ್ರಿಕೆಗಳ ಸಂಚಿಕೆ ಸಿಕ್ಕಿದ್ರೆ ಹಳ್ಳಿಗಳ ಹೆಸರು ಸಿಗಬಹುದು. ಪೊಲೀಸರು ಬರೆದಿಟ್ಟದ್ರಲ್ಲಿ ಎಷ್ಟೋ ಸಲ ನಮ್ಮವರು ಬರೆದಿದ್ದಕ್ಕಿಂತ ಜಾಸ್ತಿ ಹೆಸರಿರುತ್ತೆ, ಹಿಡಿಯೋಕೆ ಬಂದವನಿಗೆ ಎಲ್ಲರ ಹೆಸರೂ ಬೇಕಲ್ಲ.

ಶಿಂಶಾ ದಡದವ:
ಬಟ್ಟೆ ಬರೆ ಮೇಡಂ, ಗುರುತು ಇದೆ!! ಬಿಳಿ ಪಟ್ಟಿ ಹಸಿರಿಗೆ ಸೇರೋ ಹೊಲಿಗೆ ಒಳಗಡೆ ಅರ್ಧ ಮುಚ್ಚೋಗಿತ್ತು. ಕರೀ ಬಣ್ಣ, ಒಂದು ಅಡ್ಡಗೆರೆ, ಅದರ ಮೇಲೆ ಎರಡು ಚುಕ್ಕಿ, ಕೆಳಗೆ ಒಂದು ಕೊಕ್ಕೆ ತರ. ಮೊದಲು ತುಕ್ಕಿನ ಕಲೆ ಅನ್ಕೊಂಡಿದ್ದೆ. ನೂಲೂ ನೋಡ್ದೆ: ಕೇಸರಿ ಮತ್ತೆ ಹಸಿರು ಸಮವಾಗಿದೆ, ಬಿಳಿ ಮಾತ್ರ ದಪ್ಪ ಸಣ್ಣ ದಪ್ಪ ಸಣ್ಣ. ಅಂದ್ರೆ ಪಂಚೆ ಮಾತ್ರ ಖಾದಿ.

ಬಟ್ಟೆ ಬರೆ:
ಹಾಗಿದ್ರೆ ಆ ಪಂಚೆಯ ಮನೆಯವರು ಖಾದಿ ಉಡೋರು, ಅದೊಂದು ಸುಳಿವು. ಬಣ್ಣದ ಪಟ್ಟಿಗಳು ಅಂಗಡಿಯಿಂದ ತಂದ ಮಿಲ್ ಬಟ್ಟೆ. ಕಾಂಗ್ರೆಸ್ಸಿನವರು ಖಾದಿಯದ್ದೇ ಬಾವುಟ ಬೇಕು ಅಂತಿದ್ರು, ಆದ್ರೆ ಕೇಸರಿ ಹಸಿರು ಖಾದಿ ಹಳ್ಳೀಲಿ ರಾತ್ರೋರಾತ್ರಿ ಸಿಗಬೇಕಲ್ಲ. ಇದು ಖಾದಿ ಸಂಘದಿಂದ ಬಂದ ಬಾವುಟ ಅಲ್ಲ, ಮನೇಲಿ ಕೂತು ಮಾಡಿದ್ದು. ಇಂಥವು ಬಹಳ ಕಮ್ಮಿ ಉಳಿದಿವೆ, ಯಾಕಂದ್ರೆ ಕೆಲಸ ಮುಗಿದ ಮೇಲೆ ಬಿಚ್ಚಿ ಬೇರೆದಕ್ಕೆ ಉಪಯೋಗಿಸಿಬಿಡ್ತಿದ್ರು, ಬಟ್ಟೆ ಯಾರೂ ಸುಮ್ನೆ ಇಡ್ತಿರಲಿಲ್ಲ. ಗುರುತಿನ ಫೋಟೋ ಪಕ್ಕದಲ್ಲಿ ಸ್ಕೇಲ್ ಇಟ್ಟು ತೆಗೀರಿ. ನಿಮ್ಮೂರಲ್ಲಿ ಮಡಿವಾಳರ ಮನೆಯ ಹಿರಿಯರು ಯಾರಾದ್ರೂ ಇದ್ದಾರಾ?

ಗೌರಿಬಿದನೂರ್ ಸೀಮೆ:
ಅಯ್ಯೋ ಇದು ಸಖತ್ತಾಗಿದೆ. ತಾಮ್ರಪತ್ರ ಇದ್ದೋರು, ಪುಸ್ತಕ ಬರೆದೋರು ಎಲ್ಲ ಬಿಟ್ಟು ಊರಿನ ಬಟ್ಟೆ ಒಗೆದವರನ್ನ ಕೇಳಿದ್ರೆ ಗೊತ್ತಾಗುತ್ತೆ ಅಂದ್ರೆ! ಯಾವ ಮನೇಲಿ ಯಾರು ಖಾದಿ ಉಟ್ರು, ಯಾವ ಮನೆ ಬಟ್ಟೇಲಿ ರಕ್ತ ಇತ್ತು, ಅವರಿಗೆ ಗೊತ್ತಿಲ್ಲದ್ದು ಏನಿರುತ್ತೆ. ನಮ್ಮ ಕಡೆ ವಿದುರಾಶ್ವತ್ಥದ್ದು ಬರೆಯೋವಾಗ ಯಾರೂ ಅವರನ್ನ ಕೇಳಿದ್ದು ನಾನು ಕಾಣೆ.

ಮಾತುಗಾರ ಮೈಸೂರು:
ಎರಡೂ ಮನೆಯವರನ್ನ ಕರ್ಕೊಂಡು ಹೋಗಬೇಡಿ ಒಟ್ಟಿಗೆ. ಮೊದಲು ಗುರುತು ತೋರಿಸಿ, ಯಾವ ಮನೇದು ಅಂತ ಆ ಹಿರಿಯರೇ ಹೇಳಲಿ, ನೀವು ಹೆಸರು ಎತ್ತಬೇಡಿ. ನಾನು ಕೋರ್ಟಲ್ಲಿ ಗುಮಾಸ್ತನಾಗಿದ್ದೋನು, ಸಾಕ್ಷಿ ಬಾಯಿಗೆ ಮಾತು ತುರುಕಿದ್ರೆ ಏನಾಗುತ್ತೆ ಅಂತ ನೋಡಿದ್ದೀನಿ.

ಧಾರವಾಡದಾಕಿ:
ಹೇಳಿದ್ದು ಬರೋಬ್ಬರಿ ಅದ. ಮತ್ತ ಫೋನಿನ್ಯಾಗ ರೆಕಾರ್ಡ್ ಮಾಡ್ರಿ, ಅವರ ಒಪ್ಪಿಗಿ ಕೇಳಿ. ಬರೇ ಬಾವುಟದ ಪ್ರಶ್ನಿ ಕೇಳಿ ಎದ್ದು ಬರಬ್ಯಾಡ್ರಿ. ಅವರ ಮನೆತನದ್ದೂ ಕೇಳ್ರಿ, ಆಗ ಎಷ್ಟು ಮನಿ ಬಟ್ಟಿ ಒಗೀತಿದ್ರು, ಹೊಳಿ ಎಲ್ಲಿ, ಕಾಳು ಎಷ್ಟು ಕೊಡ್ತಿದ್ರು. ನಿಮಗ ಬೇಕಾದ್ದು ಅಷ್ಟ ಕೇಳಿ ಬಂದ್ರ ಅವರಿಗೂ ಬ್ಯಾಸರ ಆಗ್ತದ.

ಶಿಂಶಾ ದಡದವ:
ಹೋಗಿ ಬಂದೆ. ಸ್ವಲ್ಪ ಉದ್ದ ಇದೆ, ಓದಿ.

ನಮ್ಮೂರ ಮಡಿವಾಳರ ಮನೆ ಅಜ್ಜಿಗೆ ತೊಂಬತ್ತರ ಹತ್ರ. ಕಣ್ಣು ಮಂದ, ಫೋನಲ್ಲಿ ಫೋಟೋ ತೋರಿಸಿದ್ರೆ ಕಾಣಲಿಲ್ಲ. ಮೊಮ್ಮಗ ಸೀಮೆಸುಣ್ಣ ತಗೊಂಡು ನೆಲದ ಮೇಲೆ ಗುರುತು ದೊಡ್ಡದಾಗಿ ಬರೆದ. ಅಜ್ಜಿ ಬಗ್ಗಿ ನೋಡಿ, ಕೈಯಲ್ಲಿ ಆ ಕೊಕ್ಕೆನ ಸವರಿ, "ಎರಡು ಬೊಟ್ಟು ಕೊಕ್ಕೆ, ಇದು ಮ್ಯಾಗಲ ಬೀದಿ ಮೇಷ್ಟ್ರ ಮನೇದು" ಅಂದ್ರು. ತಡೆದು ಯೋಚನೆನೂ ಮಾಡಲಿಲ್ಲ. ನಾನು ಯಾವ ಹೆಸರೂ ಎತ್ತಿರಲಿಲ್ಲ, ಮೈಸೂರು ಸಾರ್ ಹೇಳಿದ ಹಾಗೇ ಬಾಯಿ ಮುಚ್ಕೊಂಡಿದ್ದೆ. ನಮ್ಮ ಮನೆ ಗುರುತು ಯಾವ್ದು ಅಂತ ಆಮೇಲೆ ಕೇಳ್ದೆ, ಮೂರು ಗೀಟು ಅಂತೆ. ಪಕ್ಕದ ಮನೇದು ಒಂದು ಸೊನ್ನೆ, ಒಳಗೊಂದು ಚುಕ್ಕಿ. ಎರಡೂ ಅಲ್ಲ!

ಆ ಮೇಷ್ಟ್ರ ಮನೆಯವರು ಊರು ಬಿಟ್ಟು ಎಷ್ಟೋ ವರ್ಷ ಆಗಿದೆ, ಜಾಗ ಮಾರಿ ಹೋದ್ರು, ಈಗ ಅಲ್ಲಿ ಹಾಲಿನ ಡೇರಿ ಇದೆ. ನಮ್ಮ ತಾತನಿಗೆ ಅಕ್ಷರ ಕಲಿಸಿದ್ದು ಅವರೇ ಅಂತ ಮನೇಲಿ ಹೇಳ್ತಿದ್ರು, ಬಾವುಟದ ಮಾತಲ್ಲಿ ಮಾತ್ರ ಅವರ ಹೆಸರು ಯಾರ ಬಾಯಲ್ಲೂ ಬಂದಿರಲಿಲ್ಲ. ಅಜ್ಜಿ ಹೇಳಿದ್ದು ಇನ್ನೊಂದು: ಮೇಷ್ಟ್ರ ಹೆಂಡ್ತಿ ಖಾದಿ ಸೀರೆ ಒಗೆಯೋಕೆ ಹಾಕಿದ್ರೆ ನೆನೆದು ಕಲ್ಲಿನ ತರ ಭಾರ, ಅದಕ್ಕೆ ಅವರ ಮನೆಯಿಂದ ಒಂದು ಸೇರು ರಾಗಿ ಜಾಸ್ತಿ ಕೇಳಿ ತಗೊಳ್ತಿದ್ವಿ ಅಂತ ನಕ್ಕರು. ಬಾವುಟ ಹೊಲಿದದ್ದು ಯಾರು ಅಂದ್ರೆ ಗೊತ್ತಿಲ್ಲ ಅಂದ್ರು. ಶಿವಪುರದ್ದಾ ಅಂದ್ರೆ, ಅದೂ ಗೊತ್ತಿಲ್ಲ, ಆಗ ನಾನು ಕೂಸು ಅಂದ್ರು. ಗುರುತು ಮಾತ್ರ ಅವರ ಅತ್ತೆ ಕಲಿಸಿದ್ದು, ಊರಿನ ಎಲ್ಲಾ ಮನೇದೂ ಬಾಯಿಪಾಠ ಇದೆ. ಕೂತ್ಕೊಂಡು ಅಷ್ಟನ್ನೂ ಬರ್ಕೊಂಡೆ.

ಹಳೇ ಕಾಗದ:
ಬಾವುಟಕ್ಕಿಂತ ಆ ಗುರುತಿನ ಪಟ್ಟಿ ಬೆಲೆಬಾಳುತ್ತೆ ಅಂತ ನಾನು ಹೇಳಿದ್ರೆ ಬಯ್ಯಬೇಡಿ. ಇಡೀ ಊರಿನ ಮನೆತನಗಳ ದಾಖಲೆ ಅದು, ಕಂದಾಯದವರ ಹತ್ರನೂ ಹೀಗೆ ಇರಲ್ಲ. ಅಜ್ಜಿ ಹೆಸರಲ್ಲೇ ಬರೆದಿಡಿ, ಆದ್ರೆ ಅವರನ್ನ ಕೇಳದೆ ಇಲ್ಲಿ ಹಾಕಬೇಡಿ. ಬಾವುಟದ ಮಟ್ಟಿಗೆ ಈಗ ಹೇಳಬಹುದಾದ್ದು ಇಷ್ಟು: 1931ರ ಮಾದರಿ, ಮನೇಲಿ ಮಾಡಿದ್ದು, ಬಿಳಿ ಪಟ್ಟಿ ಮೇಷ್ಟ್ರ ಮನೆ ಪಂಚೆ, ಸಿಕ್ಕಿದ್ದು ನಿಮ್ಮ ಅಟ್ಟದಲ್ಲಿ. ಪಕ್ಕದ ಮನೆ ಅಜ್ಜಿ ಹೇಳೋ ದಾಟಿಸಿದ ಕತೆ ಸುಳ್ಳೇ ಆಗಬೇಕಿಲ್ಲ, ಮೂರು ಮನೆ ದಾಟಿ ಬಂದಿರಬಹುದು. ಶಿವಪುರ ಅನ್ನೋದನ್ನ ಪೆನ್ಸಿಲ್ಲಲ್ಲಿ ಬರೆದಿಡಿ.

ಪಾಪ ಪಾಂಡು:
ಹಾಗಾದ್ರೆ ಕೊನೆಗೆ ಯಾರಿಗೆ ಸೇರ್ಬೇಕು ಅದು? ಶಿವಪುರದ ಸತ್ಯಾಗ್ರಹ ಸೌಧಕ್ಕೆ ಕೊಡಿ ಅತ್ಲಾಗೆ.

ಶಿಂಶಾ ದಡದವ:
ಅದೇ ಈಗಿನ ತಮಾಷೆ. ನಿನ್ನೆವರೆಗೂ ಮುಖ ತಿರುಗಿಸ್ಕೊಂಡು ಓಡಾಡ್ತಿದ್ದ ಎರಡೂ ಮನೆಯವರು ಇವತ್ತು ಬೆಳಗ್ಗೆ ನಮ್ಮ ಜಗಲಿ ಮೇಲೆ ಒಟ್ಟಿಗೆ ಕೂತು ಕಾಫಿ ಕುಡೀತಾ, ಮೇಷ್ಟ್ರ ಮೊಮ್ಮಕ್ಕಳು ಬೆಂಗಳೂರಿಂದ ಬಂದು ಕೇಳಿದ್ರೆ ಕೊಡಬಾರ್ದು, ಊರಿನದ್ದು ಊರಲ್ಲೇ ಇರಬೇಕು ಅಂತ ತೀರ್ಮಾನ ಮಾಡವ್ರೆ. ನಾನು ಅವರ ಮೊಮ್ಮಕ್ಕಳಿಗೆ ಫೋಟೋ ಕಳಿಸ್ತೀನಿ ಅಂದಿದ್ದಕ್ಕೆ ದೊಡ್ಡಪ್ಪ ಬಯ್ದ್ರು. ಕಳ್ಸೋದು ಕಳ್ಸೇ ಕಳ್ಸ್ತೀನಿ. ಮೇಡಂ, ಸುತ್ತೋಕೆ ಆ ಕೊಳವೆ ಎಷ್ಟು ದಪ್ಪ ಇರ್ಬೇಕು, ಪಿವಿಸಿ ಪೈಪು ನಡೆಯುತ್ತಾ?

ಬಟ್ಟೆ ಬರೆ:
ಪಿವಿಸಿ ಬೇಡ, ಬಟ್ಟೆ ಅಂಗಡೀಲಿ ಥಾನು ಸುತ್ತಿರೋ ದಪ್ಪ ರಟ್ಟಿನ ಕೊಳವೆ ಕೇಳಿ, ಸುಮ್ನೆ ಕೊಡ್ತಾರೆ. ರಟ್ಟು ನೇರವಾಗಿ ತಾಗದ ಹಾಗೆ ಮಲ್ಲಿನ ಬಟ್ಟೆ ಎರಡು ಸುತ್ತು ಬರಲಿ. ಬಣ್ಣದ ಚರಕ ಹೊರಮುಖಕ್ಕೆ ಬರೋ ಹಾಗೆ ಸುತ್ತಿ, ಬಿಗಿ ಮಾಡಬೇಡಿ, ಮೇಲೆ ದಾರ ಕಟ್ಟಬೇಡಿ, ಅಗಲವಾದ ಬಟ್ಟೆ ಪಟ್ಟಿ ಕಟ್ಟಿ. ಮೊಮ್ಮಕ್ಕಳಿಗೆ ಫೋಟೋ ಕಳಿಸೋವಾಗ ಹಿಂಭಾಗದ್ದೂ ಕಳಿಸಿ, ಹೊಲಿಗೆ ಕಾಣಲಿ. ಅವರ ಮನೇಲಿ ಅದೇ ಕೈಹೊಲಿಗೆಯ ಕೌದಿನೋ ರವಿಕೆನೋ ಇದ್ರೆ ಹೋಲಿಸಿ ನೋಡಬಹುದು.